ಬೀಗದ ಗುರ್ತು ಇದ್ದ ಮಾತ್ರಕ್ಕೆ ದುಡ್ಡು ಸೇಫಾ?

ಪೇಮೆಂಟ್ ಸಿಸ್ಟಮ್‌ಗಳ ಸೆಕ್ಯೂರಿಟಿ ಆಡಿಟ್ ಮಾಡೋದು ನನ್ನ ಕೆಲ್ಸ. ಹಂಗಾಗಿ ಮದುವೆ ಮನೇಲಿ ಊಟಕ್ಕೆ ಕೂತಾಗ್ಲೂ ಯಾರಾದ್ರೂ ಫೋನ್ ಮುಂದೆ ಹಿಡಿದು "ಅಣ್ಣಾ, ಈ ಕ್ಯಾಸಿನೊ ಆಪ್ ಸೇಫಾ ನೋಡು, ಬೀಗದ ಗುರ್ತಿದೆ, 256 ಬಿಟ್ ಎನ್‌ಕ್ರಿಪ್ಷನ್ ಅಂತಾನೂ ಹಾಕಿದ್ದಾರೆ" ಅಂತಾರೆ. ಎಷ್ಟು ಸಲ ಹೇಳ್ಲಪ್ಪಾ, ಆ ಬೀಗ ನಿಮ್ಮ ಫೋನಿಂದ ಅವ್ರ ಸರ್ವರ್‌ವರೆಗೆ ಹೋಗೋ ಮಾಹಿತಿನ ಮಧ್ಯದಲ್ಲಿ ಯಾರೂ ಓದದಂಗೆ ಮಾಡುತ್ತೆ, ಅಷ್ಟೆ. ಆ ಬೀಗ ಕಾಣೋಕೆ ಬೇಕಾದ ಡಿಜಿಟಲ್ ಸರ್ಟಿಫಿಕೇಟು ಕಳ್ಳನಿಗೂ ಫ್ರೀಯಾಗಿ ಸಿಗುತ್ತೆ.

ಲೈಸೆನ್ಸ್ ಇರೋ ಒಳ್ಳೆ ಕಂಪನಿಗಳು ಡೇಟಾ ವಿಷಯದಲ್ಲಿ ನಿಜವಾಗ್ಲೂ ಕೆಲಸ ಮಾಡ್ತಾವೆ, ಇಲ್ಲ ಅನ್ನಲ್ಲ. ಕಾರ್ಡ್ ನಂಬರ್ ಬದಲು ಟೋಕನ್ ಅನ್ನೋ ಬದಲಿ ಸಂಖ್ಯೆ ಇಟ್ಕೊಳೋದು, ಕೆವೈಸಿ ದಾಖಲೆ ನೋಡೋಕೆ ನಾಲ್ಕು ಜನಕ್ಕೆ ಮಾತ್ರ ಪರ್ಮಿಷನ್, ದುಡ್ಡು ಬಂದ ಅಕೌಂಟಿಗೇ ವಾಪಸ್ ಕಳಿಸೋ ರೂಲು, ಹಿಂಗೆ. ಆದ್ರೂ 2022ರ ನವೆಂಬರ್‌ನಲ್ಲಿ ಅಮೆರಿಕದ ಬೆಟ್ಟಿಂಗ್ ಕಂಪನಿ ಡ್ರಾಫ್ಟ್‌ಕಿಂಗ್ಸ್‌ನಲ್ಲಿ ಏನಾಯ್ತು? ಬೇರೆ ಎಲ್ಲೋ ಸೋರಿದ ಪಾಸ್‌ವರ್ಡ್‌ಗಳನ್ನೇ ಇಲ್ಲೂ ಹಾಕಿ ನೋಡಿದ್ರು, ಜನ ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ರಲ್ಲ, ಸಲೀಸಾಗಿ ಒಳಗೆ ಹೋದ್ರು. 5 ಡಾಲರ್ ಡೆಪಾಸಿಟ್ ಮಾಡಿ, ಓಟಿಪಿಗೆ ತಮ್ಮ ಫೋನ್ ನಂಬರ್ ಸೇರಿಸ್ಕೊಂಡು, ಇದ್ದಬದ್ದದ್ದೆಲ್ಲ ಎಳ್ಕೊಂಡ್ರು. ಕಂಪನಿ ಮೊದ್ಲು ಹೇಳಿದ್ದು 3 ಲಕ್ಷ ಡಾಲರ್‌ಗಿಂತ ಕಮ್ಮಿ ಅಂತ, ಆಮೇಲೆ ಅಮೆರಿಕದ ನ್ಯಾಯ ಇಲಾಖೆ ಹೇಳಿದ್ದು ಸುಮಾರು 6 ಲಕ್ಷ. ಕಂಪನಿ ಗ್ರಾಹಕರಿಗೆ ದುಡ್ಡು ತುಂಬಿಕೊಡ್ತು, ಅದು ಬೇರೆ ಮಾತು. ಪಾಸ್‌ವರ್ಡ್ ಬಗ್ಗೆ ಇನ್ನೇನೂ ಹೇಳಲ್ಲ, ಎಲ್ಲರಿಗೂ ಗೊತ್ತಿರೋದೇ, ಯಾರೂ ಮಾಡಲ್ಲ.

ಯಾರ ತಲೆಗೂ ಹೋಗದೇ ಇರೋದು ಇನ್ನೊಂದಿದೆ. ಆಪ್‌ನಲ್ಲಿ "ಬ್ಯಾಲೆನ್ಸ್ 40,000" ಅಂತ ಕಾಣುತ್ತಲ್ಲ, ಅದು ನಿಮ್ಮ ದುಡ್ಡಲ್ಲ. ಕಂಪನಿ ನಿಮಗೆ ಕೊಡಬೇಕಿರೋ ಸಾಲದ ಲೆಕ್ಕ ಅದು. ಚೀಟಿ ನಡೆಸೋನ ಮನೆ ಬಾಗಿಲಿಗೆ ಹತ್ತು ಬೀಗ ಇದ್ರೂ, ಒಳಗೆ ಕೂತ ಅವನೇ ಚೀಟಿ ದುಡ್ಡಲ್ಲಿ ಸೈಟ್ ತಗೊಂಡ್ರೆ ಬೀಗ ಏನ್ಮಾಡುತ್ತೆ?

ಫುಲ್ ಟಿಲ್ಟ್ ಪೋಕರ್ ಅಂತ ದುಡ್ಡು ಕಟ್ಟಿ ಇಸ್ಪೀಟ್ ಆಡೋ ಒಂದು ವೆಬ್‌ಸೈಟ್ ಇತ್ತು, ಆಗಿನ ಕಾಲಕ್ಕೆ ಭಾರೀ ಹೆಸರು, ಆಲ್ಡರ್ನಿ ದ್ವೀಪದ ಲೈಸೆನ್ಸೂ ಇತ್ತು. 2011ರ ಏಪ್ರಿಲ್ 15ಕ್ಕೆ ಅಮೆರಿಕ ಸರ್ಕಾರ ಅದರ ವೆಬ್‌ಸೈಟ್ ವಶಕ್ಕೆ ತಗೊಳ್ತು. ಆಮೇಲೆ ನ್ಯಾಯ ಇಲಾಖೆ ಕೋರ್ಟಿಗೆ ಕೊಟ್ಟ ಲೆಕ್ಕ ನೋಡಿ: ಆಟಗಾರರಿಗೆ ಕೊಡಬೇಕಿದ್ದಿದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಲ್ಲಿ ಇದ್ದಿದ್ದು ಸುಮಾರು 6 ಕೋಟಿ. ಹ್ಯಾಕರ್ ಕದ್ದಿದ್ದಲ್ಲ ಸ್ವಾಮಿ, 2007ರಿಂದ 44 ಕೋಟಿಗೂ ಹೆಚ್ಚು ಮಾಲೀಕರಿಗೇ ಹಂಚಿದ್ರು ಅನ್ನೋದು ಆರೋಪ. ನನಗೆ ಆಡಿಟರ್ ಆಗಿ ಇನ್ನೂ ಹೊಟ್ಟೆ ಉರಿಯೋದು ಏನಂದ್ರೆ, ಎಷ್ಟೋ ಜನರ ಬ್ಯಾಂಕಿಂದ ದುಡ್ಡು ಬರದೇ ಇದ್ರೂ ಬಂದಿದೆ ಅಂತ ಅವ್ರ ಬ್ಯಾಲೆನ್ಸ್ ಏರಿಸ್ತಿದ್ರು, ಅವ್ರು ಆ ಇಲ್ಲದ ದುಡ್ಡಲ್ಲಿ ಆಡಿ ಸೋಲೋರು, ಗೆದ್ದೋನ ಖಾತೇಲಿ ಅದೇ ಇಲ್ಲದ ದುಡ್ಡು ಹೋಗಿ ಕೂರೋದು! 2012ರಲ್ಲಿ ಅಂಥದ್ದೇ ಇನ್ನೊಂದು ಕಂಪನಿ ಪೋಕರ್‌ಸ್ಟಾರ್ಸ್ ಅದನ್ನ ವಹಿಸ್ಕೊಂಡಿದ್ದಕ್ಕೆ ಬಚಾವ್, ಆದ್ರೂ ಅಮೆರಿಕದ ಆಟಗಾರರ ಕೈಗೆ ದುಡ್ಡು ಸೇರೋಕೆ ಶುರುವಾಗಿದ್ದು 2014ರಲ್ಲಿ.

ಬ್ರಿಟನ್‌ನಲ್ಲಿ ಇದಕ್ಕೊಂದು ನಿಯಮ ಇದೆ. ಕಂಪನಿ ಮುಳುಗಿದ್ರೆ ಗ್ರಾಹಕರ ದುಡ್ಡಿಗೆ ಏನು ರಕ್ಷಣೆ ಅಂತ ಷರತ್ತುಗಳಲ್ಲೇ ಬರೀಬೇಕು: ರಕ್ಷಣೆ ಇಲ್ಲ, ಮಧ್ಯಮ, ಅಥವಾ ಹೆಚ್ಚಿನ ರಕ್ಷಣೆ. ಹೆಚ್ಚಿನದು ಅಂದ್ರೆ ಹೊರಗಿನವ್ರ ನಿಗಾದಲ್ಲಿರೋ ಟ್ರಸ್ಟ್ ಖಾತೆ. ಆದ್ರೆ ಗಮನಿಸಿ, "ರಕ್ಷಣೆ ಇಲ್ಲ" ಅಂತ ಬರ್ಕೊಂಡೂ ಲೈಸೆನ್ಸ್ ಇಟ್ಕೊಬಹುದು. ಅಂಥ ಕಂಪನಿ ನಿಮ್ಮ ದುಡ್ಡನ್ನ ಬೇರೆ ಬ್ಯಾಂಕ್ ಖಾತೇಲಿ ಇಟ್ಟಿದ್ರೂನೂ ದಿವಾಳಿ ಆದಾಗ ಅದು ಕಂಪನಿ ಆಸ್ತಿ, ನೀವು ಸಾಲ ಕೊಟ್ಟೋರ ಕ್ಯೂನಲ್ಲಿ ಹಿಂದೆ.

ನಮ್ಮಲ್ಲಿ ಈ ಮೂರು ಮೆಟ್ಟಿಲೂ ಇಲ್ಲ, ಯಾಕಂದ್ರೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡೋ ಆಟ ನಡೆಸೋದನ್ನೇ ನಿಷೇಧ ಮಾಡಿದೆ, ಅದಕ್ಕೆ ಬ್ಯಾಂಕುಗಳು ಪೇಮೆಂಟ್ ಮಾಡಿಕೊಡೋದನ್ನೂ. ನಾನು ಲಾಯರ್ ಅಲ್ಲ, ನಿಮ್ಮ ಕೇಸಿನ ಸೂಕ್ಷ್ಮ ವಕೀಲರನ್ನೇ ಕೇಳಿ. ಆದ್ರೆ ಇಷ್ಟು ಹೇಳ್ತೀನಿ, ಈಗ ಟೆಲಿಗ್ರಾಮ್‌ನಲ್ಲಿ ಲಿಂಕ್ ಬರೋ ಸೈಟುಗಳಲ್ಲಿ ಡೆಪಾಸಿಟ್ ಅಂತ ಒತ್ತಿದ್ರೆ ಯಾವ್ದೋ ಊರಿನ ಯಾರದೋ ಯುಪಿಐ ಐಡಿ ಬರುತ್ತೆ, ಪ್ರತಿ ಸಲ ಬೇರೆ ಬೇರೆ. ಅವು ಬಾಡಿಗೆ ಖಾತೆಗಳು. ಆ ಖಾತೆ ಮೇಲೆ ಇನ್ಯಾರೋ ದೂರು ಕೊಟ್ರೆ, ಅಲ್ಲಿಂದ ನಿಮಗೆ "ಗೆದ್ದ ದುಡ್ಡು" ಬಂದಿದ್ರೆ ನಿಮ್ಮ ಖಾತೇನೂ ಫ್ರೀಜ್ ಆಗಬಹುದು, ಸಂಬಳದ ಖಾತೆ ಆದ್ರಂತೂ ಮುಗೀತು.

ಮೊನ್ನೆ ಹಂಗೇ ಪರಿಚಯದ ಹುಡುಗನೊಬ್ಬ ಬಂದಿದ್ದ, ಒಳ್ಳೆ ಹುಡುಗ, ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಗೆದ್ದಿದ್ದು ಡ್ರಾ ಮಾಡೋಕೆ ಮೊದ್ಲು 30 ಪರ್ಸೆಂಟ್ ಟ್ಯಾಕ್ಸ್ ಕಟ್ಟು ಅಂತಿದ್ದಾರೆ ಅಣ್ಣಾ, ಕಟ್ಲಾ ಅಂದ. ಆಧಾರ್, ಪ್ಯಾನ್, ಸೆಲ್ಫಿ ಎಲ್ಲಾ ಆಗ್ಲೇ ಕೊಟ್ಟಾಗಿತ್ತು. ಟಿಡಿಎಸ್ ಅಂದ್ರೆ ಕೊಡೋ ದುಡ್ಡಲ್ಲೇ ಹಿಡ್ಕೊಂಡು ಕೊಡೋದು ಕಣಪ್ಪಾ, ನಿನ್ನ ಜೇಬಿಂದ ಮೊದ್ಲೇ ಯಾರೂ ಕೇಳಲ್ಲ ಅಂತ ಹೇಳಿ, ಮೊದ್ಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸ್ದೆ, ಆಮೇಲೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಅವನ ಹೆಸರಲ್ಲಿ ಯಾರಾದ್ರೂ ಸಾಲ ಎತ್ತಿದ್ದಾರಾ ಅಂತ ಕ್ರೆಡಿಟ್ ರಿಪೋರ್ಟ್ ತೆಗೆಸ್ದೆ. ಅದೆಲ್ಲ ಮಾಡ್ತಿರುವಾಗ್ಲೇ ಅವನ ವಾಟ್ಸಾಪಿಗೆ ಮೆಸೇಜು: ಇವತ್ತೇ ಕಟ್ಟಿದ್ರೆ ಟ್ಯಾಕ್ಸ್‌ನಲ್ಲಿ ಡಿಸ್ಕೌಂಟ್ ಅಂತೆ.