ಏಲಕ್ಕಿ ಮಾಲೆಯ ಪರಿಮಳ ಸಿಗದಿದ್ದ ಆ ದಿನ

ಹಾವೇರಿಯ ನಮ್ಮ ಕಾಕಾ ಅವರ ಬಲಗೈ ನಡುಗತೊಡಗಿದಾಗ ವಯಸ್ಸಾಯಿತೆಂದುಕೊಂಡು ಎಲ್ಲರೂ ಸುಮ್ಮನಾದೆವು. ಅದಕ್ಕೂ ಏಳೆಂಟು ವರ್ಷ ಹಿಂದೆ ಮದುವೆಯೊಂದರಲ್ಲಿ ಕೊರಳಿಗೆ ಹಾಕಿದ ಏಲಕ್ಕಿ ಮಾಲೆಯನ್ನು ಮೂಗಿಗೆ ಹಿಡಿದು, ‘ಇದಕ್ಕ ವಾಸನೀನ ಇಲ್ಲಲ್ಲ’ ಎಂದು ಅವರು ಹೇಳಿದ್ದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ವಾಸನೆಯ ಶಕ್ತಿ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಕುಂದಬಹುದೆಂದು ನಮಗೆ ತಿಳಿದದ್ದು ಆಮೇಲೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರ ಲಕ್ಷಣಗಳನ್ನು ಬರೆದಿಟ್ಟಾಗ ರೋಗದ ನೆಲೆ ಯಾರಿಗೂ ಗೊತ್ತಿರಲಿಲ್ಲ. ಇಂಥ ರೋಗಿಗಳ ನರಕೋಶಗಳಲ್ಲಿ ದುಂಡನೆಯ ಗಂಟುಗಳಿರುವುದನ್ನು ಜರ್ಮನಿಯ ನರರೋಗ ತಜ್ಞ ಫ್ರಿಟ್ಜ್ ಹೈನ್ರಿಕ್ ಲೆವಿ 1912ರಲ್ಲಿ ವಿವರಿಸಿದರು. 1919ರಲ್ಲಿ ಇನ್ನೊಬ್ಬ ನರರೋಗ ತಜ್ಞ ಟ್ರೆಟಿಯಕಾಫ್ ನಡುಮಿದುಳಿನ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪು ಭಾಗದ ಕೋಶಗಳು ನಶಿಸಿರುವುದನ್ನು ತೋರಿಸಿ, ಆ ಗಂಟುಗಳಿಗೆ ಲೆವಿಯವರ ಹೆಸರನ್ನೇ ಇಟ್ಟರು. ಈ ಕೋಶಗಳು ತಯಾರಿಸುವ, ಚಲನೆಗೆ ಬೇಕಾದ ಸಂದೇಶವಾಹಕ ರಾಸಾಯನಿಕವಾದ ಡೋಪಮೈನ್ ರೋಗಿಗಳ ಮಿದುಳಿನಲ್ಲಿ ತೀರ ಕಡಿಮೆಯಿದೆ ಎಂಬುದು 1960ರಲ್ಲಿ ವಿಯೆನ್ನಾದಲ್ಲಿ ಖಚಿತವಾಯಿತು, ಅದನ್ನು ತುಂಬಿಕೊಡುವ ಲೆವೊಡೋಪಾ ಚಿಕಿತ್ಸೆ ಬಂದಿತು. ನಮ್ಮ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಿಂದ ಇದೇ ಲೆವೊಡೋಪಾವನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿದ್ದರು. ಹಾಗೆಂದು ಬೀಜ ಕುಟ್ಟಿ ಮನೆಯಲ್ಲೇ ಕುಡಿಸುವುದು ಸಲ್ಲದು; ಎಷ್ಟು ಔಷಧ ಹೊಟ್ಟೆ ಸೇರಿತೆಂಬ ಲೆಕ್ಕವೇ ಸಿಗುವುದಿಲ್ಲ.

ಕೋಶಗಳು ಏಕೆ ಸಾಯುತ್ತವೆ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಸುಳಿವು ದೊರೆತದ್ದು 1997ರಲ್ಲಿ. ತಲೆಮಾರುಗಳಿಂದ ಈ ಕಾಯಿಲೆಯಿದ್ದ ಇಟಲಿಯ ಕುಟುಂಬವೊಂದರಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಜೀನ್ ದೋಷ ಪತ್ತೆಯಾಯಿತು. ಅದೇ ವರ್ಷ ಲೆವಿ ಗಂಟುಗಳಲ್ಲಿ ತುಂಬಿರುವುದೂ ಅದೇ ಪ್ರೋಟೀನ್ ಎಂದು ತಿಳಿಯಿತು. 2003ರಲ್ಲಿ ಅಮೆರಿಕದ ಕುಟುಂಬವೊಂದರಲ್ಲಿ ದೋಷವಿಲ್ಲದ ಆ ಜೀನಿನ ಹೆಚ್ಚುವರಿ ಪ್ರತಿಗಳು ಕಂಡಾಗ, ಪ್ರೋಟೀನ್ ಮಿತಿಮೀರಿದರೂ ಸಾಕು ರೋಗ ಬರುತ್ತದೆ ಎಂಬುದು ಸ್ಪಷ್ಟವಾಯಿತು.

140 ಅಮೈನೋ ಆಮ್ಲಗಳ ಈ ಪ್ರೋಟೀನ್ ಸಾಮಾನ್ಯವಾಗಿ ನರತುದಿಗಳಲ್ಲಿದ್ದು ಸಂದೇಶವಾಹಕಗಳ ಬಿಡುಗಡೆಗೆ ನೆರವಾಗುತ್ತದೆ. ಅದು ತಪ್ಪಾಗಿ ಮಡಚಿಕೊಂಡು ಆಕಾರ, ಅಂದರೆ ಮಡಿಕೆ, ಕೆಟ್ಟರೆ ಒಂದಕ್ಕೊಂದು ಅಂಟಿ, ಪಕ್ಕದ ಒಳ್ಳೆಯ ಪ್ರೋಟೀನನ್ನೂ ತನ್ನಂತೆಯೇ ಕೆಡಿಸುತ್ತದೆ. ಕೋಶದ ಕಸ ವಿಲೇವಾರಿ ಕಟ್ಟಿಕೊಳ್ಳುತ್ತದೆ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಬಳಲುತ್ತವೆ. ಡೋಪಮೈನ್ ಕೋಶಗಳೇ ಹೆಚ್ಚು ಬಲಿಯಾಗಲು ಅವುಗಳ ದುಡಿಮೆಯೇ ಕಾರಣವಿರಬೇಕು: ಒಂದೊಂದು ಕೋಶವೂ ಲಕ್ಷಗಟ್ಟಲೆ ತುದಿಗಳಾಗಿ ಕವಲೊಡೆದು ಅವನ್ನೆಲ್ಲ ಸಾಕಬೇಕು, ಮೇಲಾಗಿ ಡೋಪಮೈನ್ ತನ್ನ ಚೀಲದಿಂದ ಹೊರಬಿದ್ದರೆ ಕೋಶಕ್ಕೇ ವಿಷವಾಗುತ್ತದೆ.

ದೊಡ್ಡ ಗಂಟುಗಳಿಗಿಂತ ಅವು ಕಟ್ಟುವ ಮುಂಚಿನ ಸಣ್ಣ ತುಣುಕುಗಳೇ ಹೆಚ್ಚು ಅಪಾಯಕಾರಿ ಎಂದು ಹಲವರು ವಾದಿಸುತ್ತಾರೆ, ಆ ವಾದ ನನಗೂ ಒಪ್ಪಿಗೆ. ಈ ಪ್ರೋಟೀನಿಗೆ ಅಂಟಿಕೊಳ್ಳುವ ಎರಡು ಪ್ರತಿಕಾಯ ಔಷಧಗಳ ಫಲಿತಾಂಶ 2022ರಲ್ಲಿ ಪ್ರಕಟವಾದಾಗ ಎರಡೂ ನಿರೀಕ್ಷಿತ ಗುರಿ ಮುಟ್ಟಿರಲಿಲ್ಲ. ನಡುಕ ಕಾಣುವಷ್ಟರಲ್ಲಿ ಕೋಶಗಳ ದೊಡ್ಡ ಪಾಲು ಹೋಗಿರುವುದರಿಂದ, ಚಿಕಿತ್ಸೆ ತಡವಾಯಿತೇ ಎಂಬ ಸಂಶಯವೂ ಇದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿ ಕೆಟ್ಟ ಮಡಿಕೆಯ ಈ ಪ್ರೋಟೀನನ್ನು ಗುರುತಿಸಲಾಯಿತು. ನಡುಕವಿನ್ನೂ ಶುರುವಾಗದೆ, ವಾಸನೆಯನ್ನಷ್ಟೇ ಕಳೆದುಕೊಂಡಿದ್ದವರಲ್ಲೂ ಹೆಚ್ಚಿನವರ ದ್ರವದಲ್ಲಿ ಅದು ಆಗಲೇ ಇತ್ತು.