ನ್ಯೂ ಡೀಲ್ ಅಂದರೆ ಬರೀ ಗುಂಡಿ ತೋಡಿ ಮುಚ್ಚಿದ್ದಾ?

ಪ್ರಶ್ನೆ: 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕ ಸರ್ಕಾರ ಕೆಲಸ ಇಲ್ಲದವರಿಂದ ಗುಂಡಿ ತೋಡಿಸಿ, ಅದನ್ನೇ ಮುಚ್ಚಿಸಿ ಕೂಲಿ ಕೊಡ್ತಿತ್ತು ಅಂತಾರೆ. ನಿಜವಾ? ಅದರಿಂದ ನಿರುದ್ಯೋಗ ತೀರಿತಾ?

ಉತ್ತರ: ನ್ಯೂ ಡೀಲ್ ಅಂದರೆ ಆ ಕುಸಿತದಿಂದ ದೇಶವನ್ನು ಮೇಲೆತ್ತಲು ಅಧ್ಯಕ್ಷ ರೂಸ್‌ವೆಲ್ಟ್ ತಂದ ಸರ್ಕಾರಿ ಯೋಜನೆಗಳ ಒಟ್ಟು ಹೆಸರು. ಮೊದಲು ಗುಂಡಿಯ ವಿಷಯ ಮುಗಿಸೋಣ. ಈ ಮಾತನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ತಲೆಗೆ ಕಟ್ಟುತ್ತಾರೆ. ಅವರು 1936ರಲ್ಲಿ ಬರೆದಿದ್ದು ಒಂದು ಕುಚೋದ್ಯ. ಸರ್ಕಾರ ಹಳೇ ಬಾಟಲಿಗಳಿಗೆ ನೋಟು ತುಂಬಿ ಪಾಳುಬಿದ್ದ ಕಲ್ಲಿದ್ದಲು ಗಣಿಯಲ್ಲಿ ಹೂತು, ಅದನ್ನು ಅಗೆದು ತೆಗೆಯಲು ಜನರನ್ನು ಬಿಟ್ಟರೂ ನಿರುದ್ಯೋಗ ಇಳಿಯುತ್ತದೆ ಅಂದಿದ್ದರು. ಮನೆಗಿನೆ ಕಟ್ಟಿಸುವುದು ಅದಕ್ಕಿಂತ ಬುದ್ಧಿವಂತಿಕೆ ಅಂತ ಪಕ್ಕದಲ್ಲೇ ಸೇರಿಸಿದ್ದರು. ಆ ಎರಡನೇ ಮಾತು ಯಾರಿಗೂ ನೆನಪಿಲ್ಲ.

ಈಗ ಅಮೆರಿಕಕ್ಕೆ ಬನ್ನಿ. 1933ರ ಮಾರ್ಚ್ 4ರಂದು ರೂಸ್‌ವೆಲ್ಟ್ ಅಧ್ಯಕ್ಷರಾದಾಗ ದುಡಿಯುವವರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಕೆಲಸ ಇರಲಿಲ್ಲ. ಪರಿಹಾರದ ಹೊಣೆ ಬಿದ್ದಿದ್ದು ಹ್ಯಾರಿ ಹಾಪ್ಕಿನ್ಸ್ ಮೇಲೆ. ಅವರದು ಒಂದೇ ಹಟ: ಸುಮ್ನೆ ದುಡ್ಡು ಹಂಚಿದರೆ ಹೊಟ್ಟೆ ತುಂಬಬಹುದು, ಆದರೆ ಮನುಷ್ಯ ತಲೆ ತಗ್ಗಿಸಬೇಕಾಗುತ್ತದೆ, ಕೆಲಸ ಕೊಟ್ಟು ಕೂಲಿ ಕೊಡಿ. ಚಳಿಗಾಲ ಬಾಗಿಲಿಗೆ ಬಂದಿತ್ತು. ನವೆಂಬರ್‌ನಲ್ಲಿ ಶುರುವಾದ ತಾತ್ಕಾಲಿಕ ಯೋಜನೆ ಜನವರಿ ಹೊತ್ತಿಗೆ 40 ಲಕ್ಷಕ್ಕೂ ಜಾಸ್ತಿ ಜನರಿಗೆ ಕೆಲಸ ಕೊಟ್ಟಿತು. ಈಗಿನಂತೆ ಕಂಪ್ಯೂಟರ್ ಇಲ್ಲ, ಆಧಾರ್ ಇಲ್ಲ. ಎರಡೇ ತಿಂಗಳು.

ಹುಡುಗರಿಗೆ ಬೇರೆ ಯೋಜನೆ. ಕಾಡಿನ ಕ್ಯಾಂಪಿನಲ್ಲಿದ್ದು ಗಿಡ ನೆಡುವುದು, ದಾರಿ ಮಾಡುವುದು, ಮಣ್ಣು ಕೊಚ್ಚಿಹೋಗದಂತೆ ತಡೆಯುವುದು. ತಿಂಗಳಿಗೆ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ನೇರ ಮನೆಗೆ ಹೋಗುತ್ತಿತ್ತು. ಹುಡುಗನ ಜೇಬಿಗೆ ಉಳಿಯುತ್ತಿದ್ದದ್ದು ಐದು. ಒಂಬತ್ತು ವರ್ಷದಲ್ಲಿ ಅವರು ನೆಟ್ಟ ಗಿಡಗಳು ಸುಮಾರು 300 ಕೋಟಿ.

ಎಲ್ಲಕ್ಕಿಂತ ದೊಡ್ಡದು 1935ರಲ್ಲಿ ಬಂದ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್), ಅಂದರೆ ಕೆಲಸ ಇಲ್ಲದವರಿಗೆ ಸರ್ಕಾರವೇ ಕೆಲಸ ಕೊಡುವ ಸಂಸ್ಥೆ. ಎಂಟು ವರ್ಷದಲ್ಲಿ ಸುಮಾರು 85 ಲಕ್ಷ ಜನ ಇದರಲ್ಲಿ ದುಡಿದರು. ಹತ್ತು ಲಕ್ಷ ಕಿಲೋಮೀಟರಿಗೂ ಜಾಸ್ತಿ ರಸ್ತೆ ಹೊಸದಾಗಿ ಆಯಿತು ಅಥವಾ ರಿಪೇರಿಯಾಯಿತು. ನ್ಯೂಯಾರ್ಕ್‌ನ ಲಾಗಾರ್ಡಿಯಾ ವಿಮಾನ ನಿಲ್ದಾಣವೂ ಬಹುಪಾಲು ಇದರ ದುಡ್ಡಿನಲ್ಲೇ ಎದ್ದಿದ್ದು.

ನನಗೆ ಅತಿ ಇಷ್ಟದ್ದು ಮಾತ್ರ ಇದೇ ಡಬ್ಲ್ಯುಪಿಎ ದುಡ್ಡಿನಲ್ಲಿ ನಡೆದ ಕೆಂಟಕಿ ರಾಜ್ಯದ ಕುದುರೆ ಗ್ರಂಥಾಲಯ. ಅಲ್ಲಿನ ಬೆಟ್ಟದ ಹಳ್ಳಿಗಳಿಗೆ ರಸ್ತೆಯೇ ಇರಲಿಲ್ಲ, ಎಷ್ಟೋ ಕಡೆ ಹಳ್ಳದ ದಂಡೆಯೇ ದಾರಿ. ತಿಂಗಳಿಗೆ 28 ಡಾಲರ್ ಸಂಬಳಕ್ಕೆ ಹೆಂಗಸರು ಕುದುರೆಯ ಮೇಲೋ ಹೇಸರಗತ್ತೆಯ ಮೇಲೋ ಪುಸ್ತಕದ ಚೀಲ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಕುದುರೆ ಸರ್ಕಾರದ್ದಲ್ಲ, ಅವರೇ ಹೊಂದಿಸಿಕೊಳ್ಳಬೇಕು. ಓದು ಬಾರದವರ ಮನೆಯಲ್ಲಿ ಕೂತು ಓದಿ ಹೇಳುತ್ತಿದ್ದರು. ಹರಿದುಹೋದ ಪತ್ರಿಕೆಗಳನ್ನೂ ಬಿಸಾಡುತ್ತಿರಲಿಲ್ಲ. ಅಡುಗೆಯ ಪುಟ, ಚಿತ್ರ, ಕಥೆ ಕತ್ತರಿಸಿ ಅಂಟಿಸಿ ಹೊಸ ಪುಸ್ತಕ ಮಾಡುತ್ತಿದ್ದರು.

ಹಾಗಾದರೆ ದಂಡದ ಕೆಲಸ ಇರಲೇ ಇಲ್ಲವಾ? ಇತ್ತು. ಸಲಿಕೆಗೆ ಒರಗಿ ನಿಂತ ಡಬ್ಲ್ಯುಪಿಎ ಕೂಲಿಯ ಜೋಕು ಆಗ ಎಲ್ಲರ ಬಾಯಲ್ಲೂ ಇತ್ತು. 1935ರಲ್ಲಿ ನ್ಯೂಯಾರ್ಕ್‌ನ ಒಂದು ವಿಚಾರಣೆಯಲ್ಲಿ ಕರಕುಶಲ ಕಲಿಸುವ ಮೇಷ್ಟ್ರೊಬ್ಬರು ತಾನು ಚರ್ಮ, ಹಗ್ಗದಿಂದ 'ಬೂನ್‌ಡಾಗಲ್' ಅನ್ನುವ ಸಣ್ಣಪುಟ್ಟ ಸಾಮಾನು ಮಾಡುವುದನ್ನು ಹೇಳಿಕೊಡುತ್ತೇನೆ ಅಂದರು. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಸರ್ಕಾರಿ ದುಡ್ಡಿನ ಪೋಲು ಕೆಲಸಕ್ಕೆ ಇವತ್ತಿಗೂ ಅಮೆರಿಕದಲ್ಲಿ ಅದೇ ಹೆಸರು. ನಮ್ಮಲ್ಲಿ ನರೇಗಾ ಕೆಲಸ ಅಂದಕೂಡಲೇ ಕೆಲವರು ನಗುತ್ತಾರಲ್ವಾ, ಆ ನಗು ಹೊಸದೇನಲ್ಲ.

ನನ್ನ ತಕರಾರು ಬೇರೆ ಇದೆ. ಈ ಯೋಜನೆಗಳು ಎಲ್ಲರನ್ನೂ ಒಂದೇ ರೀತಿ ನೋಡಲಿಲ್ಲ. ಕಾಡಿನ ಕ್ಯಾಂಪುಗಳಲ್ಲಿ ಕಪ್ಪು ಹುಡುಗರನ್ನು ಬೇರೆ ಇಡುವುದೇ ರೂಢಿಯಾಯಿತು. ಡಬ್ಲ್ಯುಪಿಎ ಕೆಲಸ ಮನೆಗೊಬ್ಬರಿಗೆ ಮಾತ್ರ, ಗಂಡಸಿದ್ದರೆ ಸಾಮಾನ್ಯವಾಗಿ ಅವನಿಗೇ. 1935ರ ಸಾಮಾಜಿಕ ಭದ್ರತಾ ಕಾಯ್ದೆಯ ವೃದ್ಧಾಪ್ಯ ಪಿಂಚಣಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟೇ ಶುರುವಾಯಿತು.

ಇನ್ನು ನಿರುದ್ಯೋಗ. ಇಳಿಯಿತು, ತೀರಲಿಲ್ಲ. 25ರ ಹತ್ತಿರವಿದ್ದ ಶೇಕಡಾವಾರು ಲೆಕ್ಕ 1937ಕ್ಕೆ ಸುಮಾರು 14ಕ್ಕೆ ಬಂತು. ಇಲ್ಲೊಂದು ತಮಾಷೆ ಇದೆ. ಹೆಚ್ಚಾಗಿ ಬಳಸುವ ಈ ಲೆಕ್ಕದಲ್ಲಿ ಡಬ್ಲ್ಯುಪಿಎ ಕೂಲಿಗೆ ಹೋಗುವವರನ್ನೂ 'ಕೆಲಸ ಇಲ್ಲದವರು' ಅಂತಲೇ ಹಿಡಿದಿದ್ದಾರೆ. ಬೆಳಗ್ಗೆಯಿಂದ ಸಂಜೆವರೆಗೆ ಸೇತುವೆ ಕಟ್ಟಿ ಮನೆಗೆ ಬಂದವನು ಕಾಗದದಲ್ಲಿ ನಿರುದ್ಯೋಗಿ! ಅವರನ್ನು ಕೆಲಸ ಇದ್ದವರು ಅಂತ ಎಣಿಸಿದರೆ ಅದೇ ವರ್ಷದ ಅಂಕಿ ಸುಮಾರು 9ಕ್ಕೆ ಇಳಿಯುತ್ತದೆ. ನ್ಯೂ ಡೀಲ್ ಗೆದ್ದಿತು, ಸೋತಿತು ಅಂತ ಜಗಳ ಆಡುವವರು ಎಷ್ಟೋ ಸಲ ಬೇರೆ ಬೇರೆ ಲೆಕ್ಕ ಹಿಡಿದುಕೊಂಡು ಕೂಗಾಡುತ್ತಿರುತ್ತಾರೆ.

ಅದೇ 1937ರಲ್ಲಿ ರೂಸ್‌ವೆಲ್ಟ್ ಎಡವಿದರು. ಪರಿಸ್ಥಿತಿ ಸುಧಾರಿಸಿತು, ಬಜೆಟ್ ಸರಿದೂಗಿಸೋಣ ಅಂತ ಖರ್ಚು ಕತ್ತರಿಸಿದರು, ಡಬ್ಲ್ಯುಪಿಎ ಪಟ್ಟಿಯಿಂದಲೂ ಜನರನ್ನು ಕೈಬಿಟ್ಟರು. ಕೇಂದ್ರ ಬ್ಯಾಂಕೂ ಅದೇ ಹೊತ್ತಿಗೆ ಹಣದ ಹರಿವು ಬಿಗಿ ಮಾಡಿತು. ಮರುವರ್ಷ ನಿರುದ್ಯೋಗ ಮತ್ತೆ 19ರ ಆಸುಪಾಸಿಗೆ ಹಾರಿತು. ಜ್ವರ ಇಳಿಯಿತು ಅಂತ ಅರ್ಧಕ್ಕೇ ಮಾತ್ರೆ ನಿಲ್ಲಿಸಿದ ಹಾಗಾಯಿತು.

ಪೂರ್ತಿ ಕೆಲಸ ಸಿಕ್ಕಿದ್ದು ಎರಡನೇ ಮಹಾಯುದ್ಧ ಬಂದ ಮೇಲೆ. ಸರ್ಕಾರ ಆಗ ಮಾಡಿದ್ದೂ ಖರ್ಚೇ, ಆದರೆ ನ್ಯೂ ಡೀಲ್‌ಗೆ ಹೋಲಿಸಲೂ ಆಗದಷ್ಟು ದೊಡ್ಡದು. ಅದಕ್ಕೇ ನನ್ನ ಉತ್ತರ ಇಷ್ಟು: ಪರಿಹಾರವಾಗಿ ಅದು ಗಟ್ಟಿ ಕೆಲಸ, ಚೇತರಿಕೆಗೆ ಸಾಲದಷ್ಟು ಚಿಕ್ಕದು. ಕಾರ್ಖಾನೆಗಳಿಗೇ ಆಳು ಸಿಗದಂತಾದಾಗ, 1943ರಲ್ಲಿ, ಡಬ್ಲ್ಯುಪಿಎ ಬಾಗಿಲು ಹಾಕಿತು. ಅದರ ಜೊತೆಗೇ ಕೆಂಟಕಿಯ ಕುದುರೆಗಳೂ ನಿಂತವು. ಪುಸ್ತಕದ ಗಾಡಿಗಳು ಬರುವವರೆಗೆ ಎಷ್ಟೋ ಬೆಟ್ಟದೂರುಗಳಿಗೆ ಮತ್ತೆ ಪುಸ್ತಕ ಹೋಗಲಿಲ್ಲ.