ಆ ಇಲಿಗಳಿಗೆ ಕ್ಯಾನ್ಸರ್ ಇರಲಿಲ್ಲ

ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಅದರ ಕೀಮೋ ಶುರುವಾಗಲಿರುವ ರೋಗಿಗಳ ಮನೆಯವರು ನನ್ನ ಮುಂದೆ ಮೊಬೈಲ್ ಹಿಡಿದು, ಅರಿಶಿನದ ಕರ್ಕ್ಯುಮಿನ್ ಕಿಡ್ನಿಯನ್ನು ಕಾಪಾಡುವುದು ಪ್ರಯೋಗದಲ್ಲಿ ಸಾಬೀತಾಗಿದೆಯಂತೆ, ಕೊಡಬಹುದೇ ಎಂದು ಕೇಳದ ವಾರವೇ ಇಲ್ಲ. ಅವರು ಓದಿದ ವರದಿ ಸುಳ್ಳೆಂದು ನಾನು ಹೇಳಲಾರೆ, ಆದರೆ ಅದು ಅವರ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಆರೋಗ್ಯವಂತ ಇಲಿಗಳಿಗೆ ಕೆಲವು ದಿನ ಗಿಡದ ಸಾರವನ್ನು ಕುಡಿಸಿ, ಆಮೇಲೆ ಕಿಲೋ ತೂಕಕ್ಕೆ 5ರಿಂದ 7 ಮಿಲಿಗ್ರಾಂನಂತೆ ಸಿಸ್ಪ್ಲಾಟಿನ್ ಅನ್ನು ಒಂದೇ ಸಲ ಚುಚ್ಚಿ, ಮೂರ್ನಾಲ್ಕು ದಿನಗಳಲ್ಲಿ ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮತ್ತು ಯೂರಿಯಾವನ್ನು ಅಳೆಯುತ್ತಾರೆ. ಆ ಇಲಿಗಳ ಮೈಯಲ್ಲಿ ಕ್ಯಾನ್ಸರ್ ಗಡ್ಡೆ ಇರುವುದಿಲ್ಲ. ನಾನು ಮತ್ತೆ ಮತ್ತೆ ಹೇಳಬೇಕಾಗಿರುವುದು ಇದೊಂದನ್ನೇ. ಗಡ್ಡೆಯೇ ಇಲ್ಲದ ಪ್ರಾಣಿಯಲ್ಲಿ ಕಿಡ್ನಿ ಉಳಿಯಿತೇ ಎಂದು ತಿಳಿಯಬಹುದು. ಕಿಡ್ನಿಯ ಜೊತೆಗೆ ಕ್ಯಾನ್ಸರ್ ಕೋಶವೂ ಉಳಿದುಕೊಂಡಿತೇ ಎಂಬುದು ತಿಳಿಯುವುದಿಲ್ಲ. ಸಿಸ್ಪ್ಲಾಟಿನ್ ಮುಖ್ಯವಾಗಿ ಡಿಎನ್ಎಗೆ ಅಂಟಿಕೊಂಡು ಕೋಶವನ್ನು ಕೊಲ್ಲುತ್ತದೆ. ಕಿಡ್ನಿಯ ನಾಳಗಳ ಕೋಶಗಳು ಅದನ್ನು ರಕ್ತದಿಂದ ಒಳಗೆಳೆದುಕೊಳ್ಳುವುದರಿಂದ ಅಲ್ಲಿ ಹಾನಿ ಹೆಚ್ಚು. ಕೋಶದೊಳಗಿನ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟ್ ಈ ಔಷಧಿಯನ್ನು ಹಿಡಿದು ನಿಷ್ಕ್ರಿಯಗೊಳಿಸಬಲ್ಲದು, ಮತ್ತು ಅದು ಹೇರಳವಾಗಿರುವ ಗಡ್ಡೆಗಳು ಔಷಧಿಗೆ ಜಗ್ಗದಿರುವುದೂ ಉಂಟು. ಕಿಡ್ನಿಯಲ್ಲಿ ಗ್ಲುಟಾಥಯೋನ್ ಹೆಚ್ಚಿಸುವ ಸಾರವು ಗಡ್ಡೆಯಲ್ಲಿ ಏನು ಮಾಡೀತು ಎಂಬುದನ್ನು ಗಡ್ಡೆಯುಳ್ಳ ಪ್ರಾಣಿಯಲ್ಲಿಯೇ, ಆ ಬಳಿಕ ಮನುಷ್ಯರಲ್ಲಿಯೇ ಪರೀಕ್ಷಿಸಬೇಕು. ಕರ್ಕ್ಯುಮಿನ್ ಖಂಡಿತ ಅಡ್ಡಿಮಾಡುತ್ತದೆ ಎಂದೂ ನಾನು ಹೇಳುತ್ತಿಲ್ಲ. ಪ್ರಯೋಗಾಲಯದ ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಅದು ಸಿಸ್ಪ್ಲಾಟಿನ್‌ಗೆ ನೆರವಾದದ್ದೂ ಇದೆ.

ಪ್ರಮಾಣದ ವಿಷಯವೂ ಇದೆ. ಇಲಿಗೆ ಕಿಲೋಗೆ 200 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟರೆ, ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸುವ ರೂಢಿಯ ಲೆಕ್ಕದಂತೆ 6.2ರಿಂದ ಭಾಗಿಸಿದಾಗ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 1.9 ಗ್ರಾಂ ಆಗುತ್ತದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು, ಅಂದರೆ 60 ಗ್ರಾಂಗೂ ಹೆಚ್ಚು ಪುಡಿ ಬೇಕು.

ಒಮ್ಮೆ ಕರಾವಳಿಯ ಮೇಷ್ಟ್ರೊಬ್ಬರ ಕ್ರಿಯಾಟಿನಿನ್ ಎರಡನೇ ಕೀಮೋಗೆ ಮುಂಚೆ ಏರಿತು. ಔಷಧಿಯದೇ ಪರಿಣಾಮವೆಂದು ಕೀಮೋ ಮುಂದೂಡಿದೆವು. ಕೆಲವು ದಿನಗಳ ನಂತರ ಮಗಳು ಅಂಜುತ್ತಲೇ, "ಡಾಕ್ಟ್ರೇ, ಅಪ್ಪನಿಗೆ ಬೆಳಿಗ್ಗೆ ಬಿಂಬುಳಿ ರಸ ಕೊಡುತ್ತಿದ್ದೆ" ಎಂದಳು. ಬಿಂಬುಳಿ ಎಂಬ ಹುಳಿಕಾಯಿಯಲ್ಲಿ ಕಿಡ್ನಿಗೆ ಹಾನಿ ಮಾಡಬಲ್ಲ ಆಕ್ಸಲೇಟ್ ಹೇರಳ, ಅದರ ರಸ ಕುಡಿದು ಕಿಡ್ನಿಗೆ ಪೆಟ್ಟಾದ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಮೇಷ್ಟ್ರ ವಿಷಯದಲ್ಲಿ ರಸವೇ ಕಾರಣವೋ ಔಷಧಿಯೋ ಎಂದು ಬೇರ್ಪಡಿಸಿ ಹೇಳಲು ನಮಗೆ ಸಾಧ್ಯವಾಗಲಿಲ್ಲ. ಆ ಹುಡುಗಿ ಅಪ್ಪನ ಮೇಲಿನ ಪ್ರೀತಿಯಿಂದ ಮಾಡಿದ್ದಳು, ಅವಳನ್ನು ಗದರುವ ಮನಸ್ಸು ಯಾರಿಗೂ ಬರಲಿಲ್ಲ.

ಸದ್ಯಕ್ಕೆ ಕಿಡ್ನಿಯ ರಕ್ಷಣೆಗೆ ನಾವು ನೆಚ್ಚಿರುವುದು ಕೀಮೋದ ಹಿಂದೆಮುಂದೆ ಕೊಡುವ ಸಲೈನ್, ಮೆಗ್ನೀಸಿಯಂ, ಮತ್ತು ನೋವಿನ ಮಾತ್ರೆಗಳನ್ನು ಕೇಳದೆ ನುಂಗದಿರುವುದನ್ನು. ಸಾರಿಗೆ ಹಾಕುವ ಅರಿಶಿನವನ್ನು ಬಿಡಬೇಕಿಲ್ಲ. ಕ್ಯಾಪ್ಸೂಲ್, ಕಷಾಯ, ರಸ ಏನೇ ಕೊಡುತ್ತಿದ್ದರೂ ಮೊದಲ ಕೀಮೋಗೆ ಮುಂಚೆಯೇ ಆ ಬಾಟಲಿಯನ್ನು ತಂದು ನಿಮ್ಮ ವೈದ್ಯರಿಗೆ ತೋರಿಸಿ.